ಮೊದಲು ಸಿ ಕಲಿಯಲೋ, ಪೈಥಾನ್ ಕಲಿಯಲೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಬಿ.ಕಾಂ ಎರಡನೇ ವರ್ಷ, ಪಿಯುಸಿವರೆಗೂ ಕನ್ನಡ ಮಾಧ್ಯಮ, ಮನೆಯವರದು ದಿನಸಿ ಅಂಗಡಿ, ಕೈಯಲ್ಲಿರುವುದು ವಿಂಡೋಸ್ 7ರ ಹಳೇ ಲ್ಯಾಪ್‌ಟಾಪ್. ಸೀನಿಯರ್‌ಗಳು "ಸಿ ಬಾರದೆ ಯಾವುದೂ ಬರಲ್ಲ" ಅನ್ನುತ್ತಾರೆ, ಯೂಟ್ಯೂಬ್ ತೆರೆದರೆ ಪೈಥಾನ್, ಕೋಚಿಂಗ್ ಸೆಂಟರಿನವರು ಜಾವಾ ಫುಲ್ ಸ್ಟ್ಯಾಕ್‌ಗೆ ಸೇರಿಕೊಳ್ಳಿ ಅಂತ ಬೆನ್ನುಬಿದ್ದಿದ್ದಾರೆ. ಯಾವ ಪ್ರೋಗ್ರಾಮಿಂಗ್ ಭಾಷೆಯಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಪೈಥಾನ್‌ನಿಂದ ಶುರು ಮಾಡಿ. ಕೋಚಿಂಗ್ ಫೀಸು ಈಗಲೇ ಕಟ್ಟಬೇಡಿ. ಯಾಕೆ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ನಾಳೆ ಇನ್ನೊಬ್ಬರು ಬಂದು ಬೇರೇನೋ ಹೇಳಿದಾಗ ಕಾರಣ ನಿಮ್ಮ ಕೈಯಲ್ಲೇ ಇರಬೇಕು.

"ಭಾಷೆ ಯಾವುದಾದರೇನು, ಲಾಜಿಕ್ ಬಂದರೆ ಸಾಕು" ಅಂತ ಬಹಳ ಜನ ಹೇಳುತ್ತಾರೆ. ಎರಡು ಭಾಷೆ ಬಲ್ಲವರಿಗೆ ಆ ಮಾತು ಸರಿ. ಮೊದಲ ಸಲ ಕೂತವರಿಗೆ ಸರಿಯಲ್ಲ. ನನ್ನದು ಸಾಫ್ಟ್‌ವೇರ್ ಕೆಲಸ; ಶನಿವಾರ ಭಾನುವಾರ ಡಿಗ್ರಿ ಓದುವವರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಅರ್ಧಕ್ಕೆ ಬಿಡುವವರು ಬಿಡುವುದು ಮೊದಲ ಒಂದೆರಡು ತಿಂಗಳಲ್ಲೇ, ಅದೂ ಲಾಜಿಕ್ ತಲೆಗೆ ಹತ್ತದ್ದಕ್ಕಲ್ಲ. ಎಲ್ಲೋ ಒಂದು ತಪ್ಪಾಗಿರುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ, ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. "ಇದು ನನ್ನಂಥವರಿಗಲ್ಲ" ಅಂದುಕೊಂಡು ಎದ್ದುಬಿಡುತ್ತಾರೆ. ಹಾಗಾಗಿ ಮೊದಲ ಭಾಷೆಯಲ್ಲಿ ನಾನು ಮುಖ್ಯವಾಗಿ ನೋಡುವುದು ಒಂದನ್ನೇ: ನೀವು ತಪ್ಪಿದಾಗ ಅದು ಬಾಯಿಬಿಟ್ಟು ಹೇಳುತ್ತದೋ ಇಲ್ಲವೋ.

ಸಿ ಬಹಳ ಸಲ ಹೇಳುವುದಿಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಅದನ್ನು ಕಟ್ಟಿದ್ದು ಯುನಿಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್ ಬರೆಯುವವರಿಗಾಗಿ. ಬರೆದವರಿಗೆ ಗೊತ್ತಿದ್ದೇ ಬರೆದಿದ್ದಾರೆ ಅಂತ ನಂಬಿ ಅದು ಮುಂದಕ್ಕೆ ಹೋಗಿಬಿಡುತ್ತದೆ. ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಇವತ್ತಿಗೂ ಅಲ್ಲಲ್ಲಿ ಕಾಣುವ ನೀಲಿ ಪರದೆಯ ಟರ್ಬೊ ಸಿ ತೆಗೆದುಕೊಳ್ಳಿ. ಅದರಲ್ಲಿ ಇಂಟ್ (ಅಂದರೆ ಪೂರ್ಣಾಂಕ) ಅಂತ ಎರಡು ಸಂಖ್ಯೆ ಇಟ್ಟು 30,000ಕ್ಕೆ 5,000 ಕೂಡಿಸಿದರೆ ಉತ್ತರ ಮೈನಸ್ 30,536 ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಆ ಹಳೆಯ ಕಂಪೈಲರಿನಲ್ಲಿ (ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಪ್ರೋಗ್ರಾಮ್) ಇಂಟ್ ಅಂದರೆ 16 ಬಿಟ್‌ನ ಜಾಗ. 32,767 ದಾಟಿದ ಕೂಡಲೇ ಸುತ್ತು ಹೊಡೆದು ಮೈನಸ್ ಕಡೆಗೆ ಹೋಗುತ್ತದೆ. ಈಗಿನ ಕಂಪೈಲರ್‌ಗಳಲ್ಲಿ ಇಂಟ್ ಸಾಮಾನ್ಯವಾಗಿ 32 ಬಿಟ್, ಮಿತಿ 214 ಕೋಟಿಯ ಮೇಲೆ. ಹಾಗಿದ್ದರೂ ಹತ್ತು ಮನೆಯ ಅರೇಯಲ್ಲಿ (ಸಾಲಾಗಿ ಜೋಡಿಸಿದ ಪಟ್ಟಿ) ಹನ್ನೊಂದನೆಯ ಮನೆಗೆ ಬರೆಯಲು ಹೋದರೆ ಸಿ ತಡೆಯುವುದಿಲ್ಲ. ಇವತ್ತು ಸರಿಯಾಗಿಯೇ ಓಡಬಹುದು, ನಾಳೆ ಕೈಕೊಡಬಹುದು. ಅಂಗಡಿಯ ವ್ಯಾಪಾರ ಕೂಡಿಸಿದ ಹುಡುಗಿಗೆ ಮೈನಸ್ ಮೊತ್ತ ಬಂದರೆ ತನ್ನ ಲೆಕ್ಕವೇ ತಪ್ಪು ಅಂದುಕೊಳ್ಳುತ್ತಾಳೆ. ಅದು ನನಗೆ ನಿಜಕ್ಕೂ ಸಂಕಟವಾಗುವ ವಿಷಯ.

ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಅಂಥ ಮಿತಿಯಿಲ್ಲ. ಹತ್ತೇ ಇರುವ ಪಟ್ಟಿಯಲ್ಲಿ ಹನ್ನೊಂದನೆಯದನ್ನು ಕೇಳಿದರೆ ಅಲ್ಲೇ ನಿಂತು, ಇಂಥ ಸಾಲಿನಲ್ಲಿ ಇಂಡೆಕ್ಸ್ ಎರರ್ ಅಂತ ಸಾಲಿನ ನಂಬರ್ ಸಮೇತ ತೋರಿಸುತ್ತದೆ. ಇದನ್ನು 1991ರಲ್ಲಿ ಹೊರತಂದ ಗೈಡೊ ವಾನ್ ರೋಸಮ್ ಅದಕ್ಕೂ ಮೊದಲು ನೆದರ್ಲೆಂಡ್ಸ್‌ನಲ್ಲಿ ಎಬಿಸಿ ಅನ್ನುವ ಭಾಷೆಯ ಮೇಲೆ ಕೆಲಸ ಮಾಡಿದ್ದರು. ಎಬಿಸಿ ಹುಟ್ಟಿದ್ದು ಕಲಿಯುವವರಿಗಾಗಿ, ವೃತ್ತಿಯಿಂದ ಪ್ರೋಗ್ರಾಮರ್ ಅಲ್ಲದವರಿಗಾಗಿ. ಆ ಗುಣ ಪೈಥಾನ್‌ಗೂ ಬಂದಿದೆ.

ಇಂಗ್ಲಿಷಿನ ಭಯ ಇದೆ ಅಂತ ಬರೆದಿದ್ದೀರಿ. ಪೈಥಾನ್‌ನ ಮೀಸಲು ಪದಗಳು, ಅಂದರೆ ಕೀವರ್ಡ್‌ಗಳು ಒಟ್ಟು 35. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್ ಇಂಥವು. ಮೊದಲ ತಿಂಗಳಿಗೆ ಅವುಗಳಲ್ಲಿ ಹತ್ತು ಹನ್ನೆರಡು ಸಾಕು. ನೀವು ಇಡುವ ಹೆಸರುಗಳೆಲ್ಲ ನಿಮ್ಮವೇ, ಅವನ್ನು ಕನ್ನಡದಲ್ಲೇ ಇಡಬಹುದು. ಬೆಲೆ ಅಂತ ಕನ್ನಡ ಲಿಪಿಯಲ್ಲೇ ಒಂದು ವೇರಿಯಬಲ್ (ಮೌಲ್ಯ ಇಡುವ ಹೆಸರು) ಮಾಡಿ ಅದಕ್ಕೆ 40 ಕೊಟ್ಟು ನೋಡಿ, ಪೈಥಾನ್ 3 ತಕರಾರಿಲ್ಲದೆ ಒಪ್ಪುತ್ತದೆ. ೪೦ ಅಂತ ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದ್ದನ್ನು, ಪಠ್ಯವನ್ನು ಸಂಖ್ಯೆ ಮಾಡುವ ಇಂಟ್‌ಗೆ ಕೊಟ್ಟರೂ ಅದು 40 ಅಂತಲೇ ಓದುತ್ತದೆ. ಹಾಗೇ "ಕನ್ನಡ" ಅನ್ನುವ ಪದದ ಉದ್ದ ಎಷ್ಟು ಅಂತ ಲೆನ್ ಬಳಸಿ ಕೇಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ, ಪೈಥಾನ್ ಹೇಳುವುದು 5. ಕ, ನ, ಅರ್ಧಾಕ್ಷರದ ಚಿಹ್ನೆ (್), ಮತ್ತೊಂದು ನ, ಡ: ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್ ಒತ್ತಕ್ಷರವನ್ನು ಹೀಗೆ ಬಿಡಿಸಿ ಇಡುತ್ತದೆ. ಅದೇ ಪದವನ್ನು ಸಿ ಭಾಷೆಯ ಸ್ಟರ್‌ಲೆನ್‌ಗೆ ಕೊಟ್ಟರೆ 15 ಅನ್ನುತ್ತದೆ, ಯಾಕೆಂದರೆ ಅದು ಎಣಿಸುವುದು ಮೆಮೊರಿಯ ತುಣುಕುಗಳಾದ ಬೈಟ್‌ಗಳನ್ನು, ಅಕ್ಷರಗಳನ್ನು ಬೈಟ್ ರೂಪದಲ್ಲಿ ಇಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಕಂಪ್ಯೂಟರ್ ಒಳಗೆ ನಮ್ಮ ಭಾಷೆ ಹೇಗಿರುತ್ತದೆ ಅಂತ ಇಷ್ಟು ಹತ್ತಿರದಿಂದ ಕಂಡ ಮೇಲೆ ಹೆದರಿಕೆ ತಾನಾಗಿ ಇಳಿಯುತ್ತದೆ. ಇದನ್ನು ತರಗತಿಯಲ್ಲಿ ತೋರಿಸುವುದೆಂದರೆ ನನಗೆ ತುಂಬ ಇಷ್ಟ.

ಪೈಥಾನ್‌ನಲ್ಲಿ ಎಡವುವ ಜಾಗಗಳೂ ಇವೆ. ಮೊದಲ ವಾರದಲ್ಲೇ ಎದುರಾಗುವುದು ಇದು: ಇನ್‌ಪುಟ್ ಮೂಲಕ ಎರಡು ಸಂಖ್ಯೆ ಕೇಳಿ ಕೂಡಿಸುತ್ತೀರಿ, 12 ಮತ್ತು 30 ಕೊಟ್ಟರೆ 42ರ ಬದಲು 1230 ಬರುತ್ತದೆ. ಕೀಲಿಮಣೆಯಿಂದ ಬಂದದ್ದನ್ನೆಲ್ಲ ಅದು ಪಠ್ಯವಾಗಿಯೇ ಇಟ್ಟುಕೊಳ್ಳುತ್ತದೆ, ಪಠ್ಯಕ್ಕೆ ಪಠ್ಯ ಕೂಡಿಸಿದರೆ ಅಕ್ಕಪಕ್ಕ ಅಂಟಿಕೊಳ್ಳುತ್ತದೆ. ಇಂಟ್‌ನಿಂದ ಸಂಖ್ಯೆ ಮಾಡಿಕೊಂಡು ಕೂಡಿಸಬೇಕು. ಸಾಲಿನ ಮುಂದೆ ಬಿಡುವ ಜಾಗದ ವಿಷಯದಲ್ಲೂ ಪೈಥಾನ್ ಕಟ್ಟುನಿಟ್ಟು. ಬೇರೆ ಕಡೆಯಿಂದ ಕೋಡ್ ಕಾಪಿ ಮಾಡಿದಾಗ ಟ್ಯಾಬ್, ಸ್ಪೇಸ್ ಬೆರೆತು ಎರರ್ ಬರುತ್ತದೆ, ಅದಕ್ಕೇ ಶುರುವಿನಲ್ಲಿ ಎಲ್ಲವನ್ನೂ ಕೈಯಾರೆ ಟೈಪ್ ಮಾಡಿ. ಎರರ್ ಬಂದರೆ ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಮುಖ್ಯ ಮಾತು ಇರುವುದು ಅಲ್ಲೇ.

ಕಲಿಯಲು ಒಂದು ಕೆಲಸ ಬೇಕಲ್ಲ, ಅದು ನಿಮ್ಮ ಮನೆಯಲ್ಲೇ ಇದೆ. ಅಂಗಡಿಯ ಉದ್ರಿ ಪುಸ್ತಕ ತೆಗೆದುಕೊಳ್ಳಿ. ಗಿರಾಕಿಯ ಹೆಸರು, ಮೊತ್ತ ಕೇಳುವ ಪ್ರೋಗ್ರಾಮ್ ಬರೆಯಿರಿ; ಹೆಸರು ಮೊದಲೇ ಇದ್ದರೆ ಹಳೇ ಬಾಕಿಗೆ ಸೇರಲಿ, ಇಲ್ಲದಿದ್ದರೆ ಹೊಸದಾಗಿ ಶುರುವಾಗಲಿ. ಇದಕ್ಕೆ ಒಂದು ಹೆಸರಿಗೆ ಒಂದು ಮೌಲ್ಯ ಜೋಡಿಸಿಡುವ ಡಿಕ್ಷನರಿ ಅನ್ನುವುದು ಬೇಕಾಗುತ್ತದೆ, ಆಗ ಅದನ್ನು ಕಲಿಯಿರಿ. ಪ್ರೋಗ್ರಾಮ್ ಮುಚ್ಚಿ ಮತ್ತೆ ತೆರೆದರೆ ಬರೆದದ್ದೆಲ್ಲ ಮಾಯವಾಗಿರುತ್ತದೆ. ಆಗ ಫೈಲ್‌ಗೆ ಬರೆಯುವುದು, ಓದುವುದು. ಒಂದೇ ಹೆಸರಿನ ಇಬ್ಬರು ಗಿರಾಕಿಗಳು ಬಂದಾಗ ಇಬ್ಬರ ಬಾಕಿಯೂ ಒಂದಾಗಿಬಿಡುತ್ತದೆ. ಊರಿನ ಅಂಗಡಿಯಲ್ಲಿ ಇದು ಖಂಡಿತ ಆಗುತ್ತದೆ. ಅದಕ್ಕೆ ಏನು ಮಾಡಬೇಕು ಅಂತ ನೀವೇ ಯೋಚಿಸಿ, ಮನೆಯವರು ಪುಸ್ತಕದಲ್ಲಿ ಅವರನ್ನು ಹೇಗೆ ಗುರುತಿಸುತ್ತಾರೆ ಅಂತ ಕೇಳಿ. ಲಾಜಿಕ್ ಅನ್ನುವುದು ಹೀಗೇ ಬರುವುದು. ಇದಾದ ಮೇಲೆ ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯಿರಿ. ಕಾಮರ್ಸ್ ಓದಿದವರಿಗೆ ಪೈಥಾನ್, ಎಸ್‌ಕ್ಯೂಎಲ್, ಎಕ್ಸೆಲ್ ಮೂರೂ ಒಟ್ಟಿಗಿದ್ದರೆ ಅಕೌಂಟ್ಸ್, ಡೇಟಾ ಕೆಲಸಗಳಲ್ಲಿ ಕೂಡಲೇ ಉಪಯೋಗಕ್ಕೆ ಬರುತ್ತವೆ.

ಎಲ್ಲರಿಗೂ ಇದೇ ಉತ್ತರ ಕೊಡುವುದಿಲ್ಲ. ವೆಬ್‌ಸೈಟ್ ಮಾಡುವ ಆಸೆಯಿದ್ದರೆ ಜಾವಾಸ್ಕ್ರಿಪ್ಟ್ ಅನ್ನುತ್ತಿದ್ದೆ, ಬ್ರೌಸರ್ ಇದ್ದರೆ ಸಾಕು. ಎಲೆಕ್ಟ್ರಾನಿಕ್ಸ್ ಓದುತ್ತಾ ಮೈಕ್ರೋಕಂಟ್ರೋಲರ್ ಮುಟ್ಟುವವರಿಗೆ ಸಿ ಬೇಕೇ ಬೇಕು, ಆದರೆ ಟರ್ಬೊ ಬಿಟ್ಟು ಜಿಸಿಸಿ ಅನ್ನುವ ಈಗಿನ ಕಂಪೈಲರಿನಲ್ಲಿ. ಜಾವಾ ಕೆಟ್ಟದ್ದಲ್ಲ, ದೊಡ್ಡ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ ಬೇಕಾದಷ್ಟಿದೆ. ಆರು ತಿಂಗಳ ನಂತರ ಬೇಕೆನಿಸಿದರೆ ಆಗ ಕಲಿಯಿರಿ, ಅಷ್ಟರಲ್ಲಿ ಆ ಕೋರ್ಸಿನ ಸಿಲಬಸ್ ಓದಿ ಅಳೆಯುವ ಶಕ್ತಿ ನಿಮಗೇ ಬಂದಿರುತ್ತದೆ.

ಚಾಟ್‌ಜಿಪಿಟಿಯಂಥವನ್ನು ಬಳಸಬಹುದೇ ಅಂತಲೂ ಕೇಳಿದ್ದೀರಿ. ಬಂದ ಎರರ್ ಅನ್ನು ಹಾಕಿ "ಇದರ ಅರ್ಥ ಕನ್ನಡದಲ್ಲಿ ಹೇಳು" ಅಂತ ಕೇಳಿ. ಪ್ರೋಗ್ರಾಮ್ ಬರೆದುಕೊಡು ಅಂತ ಮಾತ್ರ ಮೊದಲ ಕೆಲವು ತಿಂಗಳು ಕೇಳಬೇಡಿ. ಅದು ಬರೆದದ್ದರಲ್ಲಿ ತಪ್ಪಿದ್ದರೆ ಹಿಡಿಯುವ ಕಣ್ಣು ಆಗಿನ್ನೂ ಬಂದಿರುವುದಿಲ್ಲ.

ಇನ್ನು ನಿಮ್ಮ ಲ್ಯಾಪ್‌ಟಾಪ್. ಪೈಥಾನ್ 3.9ರಿಂದ ಮುಂದಿನವು ವಿಂಡೋಸ್ 7ರಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ಪೈಥಾನ್‌ನ ಅಧಿಕೃತ ತಾಣದ ಹಳೆಯ ಆವೃತ್ತಿಗಳಲ್ಲಿ 3.8.10 ಹುಡುಕಿ ಇಳಿಸಿಕೊಳ್ಳಿ, ಕಾಸಿಲ್ಲ. ವಿಂಡೋಸ್‌ಗೆ ಸರ್ವಿಸ್ ಪ್ಯಾಕ್ 1 ಹಾಕಿರಬೇಕು. ಆ ಆವೃತ್ತಿಗೆ ಈಗ ಅಪ್‌ಡೇಟ್ ಬರುವುದಿಲ್ಲ, ಆದರೂ ಕಲಿಯಲು ಧಾರಾಳ ಸಾಕು. ಇನ್‌ಸ್ಟಾಲ್ ಮಾಡುವಾಗ ಕೆಳಗೆ ಕಾಣುವ ಪಾತ್‌ಗೆ ಸೇರಿಸುವ ಚೌಕಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ. ಜೊತೆಗೇ ಬರುವ, ಕೋಡ್ ಬರೆದು ಓಡಿಸುವ ಐಡಲ್‌ನಲ್ಲಿ ಬರೆಯಿರಿ, ಕಪ್ಪು ಕಮಾಂಡ್ ಕಿಟಕಿಯಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣಬಹುದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರಾದರೆ ಯೂನಿಕೋಡ್ ಆಯ್ಕೆ ಹಾಕಿಕೊಂಡಿರಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎರರಿನ ಕೊನೆಯ ಸಾಲನ್ನು, ನೀವು ಬರೆದ ಕೋಡ್ ಸಮೇತ, ಈ ಉತ್ತರದ ಕೆಳಗೆ ಹಾಕಿ. ರಾತ್ರಿ ಊಟವಾದ ಮೇಲೆ ದಿನಾ ನೋಡುತ್ತೇನೆ.