ಇಸಿಜಿ ನಾರ್ಮಲ್, ಆದರೂ ಎದೆ ಢವಢವ
ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟಾಂಡಿಗೆ ಹೋಗುವ ಬಸ್ ಹತ್ತಿದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಇಸಿಜಿ ನಾರ್ಮಲ್ ಬಂತು, ಹಾಗಾದರೆ ನನಗೆ ಹುಚ್ಚು ಹಿಡಿಯುತ್ತಿದೆಯಾ ಅಂತ ಕೇಳಿದ್ದೀರಿ. ಇಲ್ಲ ಮಾರಾಯ್ರೆ! ಪ್ಯಾನಿಕ್ ಅಟ್ಯಾಕ್ (ಒಮ್ಮೆಲೇ ನುಗ್ಗಿ ಬರುವ ವಿಪರೀತ ಹೆದರಿಕೆ) ತರ ಕಾಣುತ್ತದೆ. ನನಗೂ ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಹೀಗೇ ಆಗಿತ್ತು, ಸತ್ತೇ ಹೋದೆ ಅಂದುಕೊಂಡಿದ್ದೆ. ಅಪಾಯ ಇಲ್ಲದಿದ್ದರೂ ಮೆದುಳು ಸುಮ್ನೆ ಅಲಾರಂ ಹೊಡೆಯುತ್ತದೆ, ಎದೆ ಜೋರಾಗಿ ಹೊಡೆಯುವಂತೆ ಮಾಡುವ ಅಡ್ರಿನಲಿನ್ ಹಾರ್ಮೋನ್ ಏರುತ್ತದೆ. ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಆಗ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಬಸ್ಸನ್ನೇ ಬಿಟ್ಟುಬಿಡಬೇಡಿ, ತಪ್ಪಿಸಿಕೊಂಡಷ್ಟೂ ಹೆದರಿಕೆ ಜಾಸ್ತಿ. ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ, ಅದೂ ಹೀಗೆ ಮಾಡುವುದುಂಟು. ದೃಷ್ಟಿ ತಾಗಿದೆ ಅನ್ನುವವರು ಅನ್ನಲಿ, ನೀವು ವೆನ್ಲಾಕ್ ಸರಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ಅಷ್ಟರವರೆಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಉಚಿತ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.