ಕಾನೂನು ಪ್ರಶ್ನೋತ್ತರ: ‘ನಂದಿನಿ’ ತೀರ್ಪಿನ ಮೂಲ ಹುಡುಕುವುದೆಲ್ಲಿ?

ಪ್ರಶ್ನೆ: ‘ನಂದಿನಿ’ ಹಾಲು ಮತ್ತು ‘ನಂದಿನಿ ಡಿಲಕ್ಸ್’ ಹೋಟೆಲ್ ನಡುವಿನ ಟ್ರೇಡ್‌ಮಾರ್ಕ್ ವ್ಯಾಜ್ಯದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಪತ್ರಿಕಾ ವರದಿ, ಸಾರಾಂಶ ಬೇಡ, ಮೂಲ ದಾಖಲೆಗಳೇ ಬೇಕು ಅನ್ನುತ್ತಾರೆ ನಮ್ಮ ಗೈಡ್. ಎಲ್ಲಿಂದ ಶುರು ಮಾಡಲಿ?
– ಎಲ್‌ಎಲ್‌.ಎಂ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕೊನೆಯಿಂದ ಶುರು ಮಾಡಿ, ಹಿಂದಕ್ಕೆ ಹೋಗಿ. ಸುಪ್ರೀಂ ಕೋರ್ಟ್ ತೀರ್ಪು 2018ರ ಜುಲೈ 26ರದು. ಆ ಕೋರ್ಟಿನದೇ ತೀರ್ಪುಗಳ ತಾಣವಾದ ಇ-ಎಸ್‌ಸಿಆರ್ ಪೋರ್ಟಲ್‌ನಲ್ಲಿ ಹುಡುಕಿ, ಕಾಸು ಕೊಡಬೇಕಿಲ್ಲ. ಬಹಳ ಮಂದಿ ಎಡವುವುದು ಸ್ಪೆಲಿಂಗ್‌ನಲ್ಲಿ. ಹೋಟೆಲಿನ ಹೆಸರಿನ ಇಂಗ್ಲಿಷ್ ರೂಪದಲ್ಲಿ ‘ಡಿ’ ಆದಮೇಲೆ ‘ಎಚ್’ ಇದೆ, ಹಾಲಿನ ಹೆಸರಿನಲ್ಲಿ ಇಲ್ಲ. ಎದುರು ಪಕ್ಷವನ್ನು ‘ಕೆಎಂಎಫ್’ ಎಂದು ಟೈಪ್ ಮಾಡುವುದಕ್ಕಿಂತ ಮಹಾಮಂಡಳದ ಪೂರ್ತಿ ಇಂಗ್ಲಿಷ್ ಹೆಸರು ಕೊಡಿ.

ತೀರ್ಪಿನ ಆರಂಭದ ಪ್ಯಾರಾಗಳನ್ನು ಪೆನ್ಸಿಲ್ ಹಿಡಿದು ಓದಿ. ಕೆಳಗಿನ ಆದೇಶಗಳ ವಿವರವೆಲ್ಲ ಅಲ್ಲೇ ಇದೆ: ಟ್ರೇಡ್‌ಮಾರ್ಕ್ ರಿಜಿಸ್ಟ್ರಿ ಹೋಟೆಲಿನ ಅರ್ಜಿಗೆ ಒಪ್ಪಿತು, ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ (ಐಪಿಎಬಿ) ಅದನ್ನು ತಳ್ಳಿಹಾಕಿತು, 2014ರಲ್ಲಿ ಹೈಕೋರ್ಟ್ ಐಪಿಎಬಿಯನ್ನೇ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. ಕೊನೆಯ ಭಾಗವನ್ನೂ ಬಿಡಬೇಡಿ. ಹೋಟೆಲಿನವರು ಗೆದ್ದರು ನಿಜ, ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಆ ನೋಂದಣಿ ಸಿಗಲಿಲ್ಲ. ಸಾರಾಂಶಗಳಲ್ಲಿ ಮೊದಲು ಉದುರಿಹೋಗುವುದು ಇಂಥ ಸಾಲೇ.

ಹೈಕೋರ್ಟ್ ಆದೇಶಕ್ಕೆ ಇ-ಕೋರ್ಟ್ಸ್‌ನ ತೀರ್ಪು ಹುಡುಕುವ ಪೋರ್ಟಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆರಿಸಿ, ರಿಟ್ ಅರ್ಜಿಯ ಸಂಖ್ಯೆ, ವರ್ಷ ಕೊಡಿ. ಈಗಿನ ತೀರ್ಪುಗಳ ಮೇಲಿರುವ ನ್ಯೂಟ್ರಲ್ ಸೈಟೇಶನ್ (ನ್ಯಾಯಾಲಯವೇ ಕೊಡುವ ಉಲ್ಲೇಖ ಸಂಖ್ಯೆ) ಆಗ ಇರಲಿಲ್ಲ.

ಕಷ್ಟ ಇರುವುದು ಐಪಿಎಬಿ ಆದೇಶದಲ್ಲಿ. ಆ ಮಂಡಳಿಯೇ 2021ರ ಏಪ್ರಿಲ್ 4ರಂದು ರದ್ದಾಯಿತು. ಇಂಡಿಯನ್ ಕಾನೂನ್ ತಾಣದಲ್ಲಿ ಅದರ ಹಲವು ಆದೇಶಗಳಿವೆ, ಮೊದಲು ಅಲ್ಲಿ ನೋಡಿ. ಸಿಗಲಿಲ್ಲವೆಂದರೆ ಹೈಕೋರ್ಟ್ ಕಡತವೇ ದಾರಿ, ಯಾಕೆಂದರೆ ಪ್ರಶ್ನಿಸಿದ ಆದೇಶವನ್ನು ರಿಟ್ ಅರ್ಜಿಯ ಜೊತೆ ಅನುಬಂಧವಾಗಿ ಇಟ್ಟಿರುತ್ತಾರೆ. ದೃಢೀಕೃತ ಪ್ರತಿಗೆ ಅರ್ಜಿ ಹಾಕುವಾಗ, ನೀವು ಪಕ್ಷಗಾರರಲ್ಲವಾದ್ದರಿಂದ, ಯಾಕೆ ಬೇಕೆಂಬ ಕಾರಣ ಬರೆಯಬೇಕು.

ಇನ್ನು ಟ್ರೇಡ್‌ಮಾರ್ಕ್ ರಿಜಿಸ್ಟರ್. ಐಪಿ ಇಂಡಿಯಾ ತಾಣದ ಪಬ್ಲಿಕ್ ಸರ್ಚ್‌ನಲ್ಲಿ 1ರಿಂದ 45ರೊಳಗಿನ ಕ್ಲಾಸ್ (ಸರಕು, ಸೇವೆಗಳ ವರ್ಗ) ಸಂಖ್ಯೆ ಕೊಡಬೇಕು. ನಿಮ್ಮ ವ್ಯಾಜ್ಯಕ್ಕೆ 29 ಮತ್ತು 30, ಎರಡರಲ್ಲೂ ಬೇರೆ ಬೇರೆಯಾಗಿ ನೋಡಿ. ವರ್ಡ್‌ಮಾರ್ಕ್ ಹುಡುಕಾಟದ ಜೊತೆ ಫೊನೆಟಿಕ್ (ಉಚ್ಚಾರಣೆಯ ಹೋಲಿಕೆ) ಆಯ್ಕೆಯನ್ನೂ ಬಳಸಿದರೆ ‘ಎಚ್’ ಇರುವುದು, ಇಲ್ಲದ್ದು ಎರಡೂ ಕಣ್ಣಿಗೆ ಬೀಳುತ್ತವೆ. ಅರ್ಜಿ ಸಂಖ್ಯೆ ಸಿಕ್ಕಮೇಲೆ ಇ-ರಿಜಿಸ್ಟರ್‌ಗೆ ಹೋಗಿ, ಇಮೇಲ್‌ಗೆ ಬರುವ ಒಟಿಪಿ ಹಾಕಿ, ಅಪ್‌ಲೋಡ್ ಆಗಿರುವ ದಾಖಲೆಗಳನ್ನು ಇಳಿಸಿಕೊಳ್ಳಿ. ಅಲ್ಲಿನ ‘ಸ್ಟೇಟಸ್’ ಇವತ್ತಿನದು, ತೀರ್ಪಿನ ದಿನದ್ದಲ್ಲ. ಅಡಿಟಿಪ್ಪಣಿಯಲ್ಲಿ ನೋಡಿದ ದಿನಾಂಕ ಹಾಕುವುದು ಒಳ್ಳೆಯದು.

ಪ್ರಶ್ನೆ: 2022ರಲ್ಲಿ ಕೊಂಡ ಪೇಟೆಂಟ್ ಕಾಯ್ದೆಯ ಬೇರ್ ಆ್ಯಕ್ಟ್ (ಕಾಯ್ದೆಯ ಪಠ್ಯವಷ್ಟೇ ಇರುವ ಪುಸ್ತಕ) ಇದೆ. ಅದನ್ನೇ ಉಲ್ಲೇಖಿಸಬಹುದೇ?
– ಸಂಶೋಧಕ, ಮೈಸೂರು

ಉತ್ತರ: ಬೇಡ. ಸೆಕ್ಷನ್ 120 ತೆಗೆದು ನೋಡಿ: ಪೇಟೆಂಟ್ ಇಲ್ಲದ ವಸ್ತುವಿಗೆ ಇದೆ ಎಂದು ಹೇಳಿಕೊಂಡರೆ ಒಂದು ಲಕ್ಷದವರೆಗೆ ದಂಡ ಎಂದಿರುತ್ತದೆ. 2023ರ ಜನ ವಿಶ್ವಾಸ್ ಕಾಯ್ದೆಯ ತಿದ್ದುಪಡಿಯಿಂದ ಅದು ಹತ್ತು ಲಕ್ಷದವರೆಗೆ ಏರಿದೆ. ಕಾಯ್ದೆ 2023ರದಾದರೂ ಪೇಟೆಂಟಿಗೆ ಸಂಬಂಧಿಸಿದ ಭಾಗ ಜಾರಿಗೆ ಬಂದದ್ದು 2024ರ ಆಗಸ್ಟ್ 1ರಂದು. ಅಂಗೀಕಾರದ ದಿನವೇ ಬೇರೆ, ಜಾರಿಯ ದಿನವೇ ಬೇರೆ.

ಈಗಿನ ಪಠ್ಯಕ್ಕೆ ಇಂಡಿಯಾ ಕೋಡ್ ತಾಣ ಸಾಕು. ತಿದ್ದುಪಡಿ ಯಾವಾಗ, ಹೇಗೆ ಎಂಬುದಕ್ಕೆ ಇ-ಗೆಜೆಟ್ ಬೇಕು. ಕೇಂದ್ರದ ಕಾಯ್ದೆಗಳು ಭಾಗ 2, ಸೆಕ್ಷನ್ 1ರಲ್ಲಿ. ‘ಜಿಎಸ್‌ಆರ್’ ಸಂಖ್ಯೆಯ ನಿಯಮಗಳು ಸೆಕ್ಷನ್ 3ರ ಉಪಸೆಕ್ಷನ್ (i)ರಲ್ಲಿ. ‘ಎಸ್‌ಒ’ ಸಂಖ್ಯೆಯ ಅಧಿಸೂಚನೆಗಳು ಉಪಸೆಕ್ಷನ್ (ii)ರಲ್ಲಿ. ಸಂಖ್ಯೆಯ ಮುಂದೆ ‘(ಇ)’ ಇದ್ದರೆ ವಿಶೇಷ ಸಂಚಿಕೆ, ವಾರದ ಗೆಜೆಟ್‌ನಲ್ಲಿ ಹುಡುಕಿ ದಣಿಯಬೇಡಿ.

ಪೇಟೆಂಟ್ ನಿಯಮಗಳನ್ನು ಇನ್ನೂ ಜಾಗ್ರತೆಯಿಂದ ನೋಡಿ. ಪೇಟೆಂಟ್ ಅರ್ಜಿಯ ಪರೀಕ್ಷೆ ಕೋರುವ ಅವಧಿ 48 ತಿಂಗಳಿತ್ತು, 2024ರ ಮಾರ್ಚ್ 15ರ ತಿದ್ದುಪಡಿಯಲ್ಲಿ 31ಕ್ಕೆ ಇಳಿಯಿತು. ಅದಕ್ಕೂ ಮೊದಲು ಸಲ್ಲಿಸಿದ ಅರ್ಜಿಗಳಿಗೆ ಮಾತ್ರ ಹಳೆಯ 48 ತಿಂಗಳೇ. ಹಾಗಾಗಿ ಹಳೆಯ ಪುಸ್ತಕವನ್ನು ರದ್ದಿಗೆ ಹಾಕುವುದೂ ಬೇಡ.

ಪ್ರಶ್ನೆ: ತೀರ್ಪು, ಕಾಯ್ದೆಗಳನ್ನು ಕನ್ನಡಕ್ಕೆ ಅನುವಾದಿಸಿ ಪುಸ್ತಕ ಮಾಡಿದರೆ ಕಾಪಿರೈಟ್ ತೊಂದರೆ ಇದೆಯೇ?
– ವಕೀಲರು, ಶಿವಮೊಗ್ಗ

ಉತ್ತರ: ಕಾಪಿರೈಟ್ ಕಾಯ್ದೆ 1957ರ ಸೆಕ್ಷನ್ 52(1)(ಕ್ಯೂ) ನೋಡಿ. ನ್ಯಾಯಾಲಯವೇ ನಿರ್ಬಂಧಿಸದಿದ್ದರೆ ತೀರ್ಪಿನ ಪಠ್ಯವನ್ನು ಪುನರ್ಮುದ್ರಿಸಬಹುದು. ಕಾಯ್ದೆಯ ಪಠ್ಯವಾದರೆ ಜೊತೆಗೆ ವ್ಯಾಖ್ಯಾನ ಅಥವಾ ನಿಮ್ಮದೇ ಸ್ವಂತ ಬರಹ ಇರಬೇಕು. ಕಾಯ್ದೆಯ ಅನುವಾದಕ್ಕೆ ಅದರ ಮುಂದಿನ (ಆರ್) ಇದೆ: ಸರ್ಕಾರದ್ದೇ ಕನ್ನಡ ಅನುವಾದ ಬಂದಿರಬಾರದು, ಬಂದಿದ್ದರೆ ಮಾರಾಟಕ್ಕೆ ಸಿಗದಂತಿರಬೇಕು, ‘ಇದು ಸರ್ಕಾರದ ಅಧಿಕೃತ ಅನುವಾದವಲ್ಲ’ ಎಂದು ಎದ್ದುಕಾಣುವಂತೆ ಅಚ್ಚು ಹಾಕಬೇಕು.

ಖಾಸಗಿ ಲಾ ರಿಪೋರ್ಟ್‌ಗಳ ಹೆಡ್‌ನೋಟ್ (ತೀರ್ಪಿನ ಮೇಲೆ ಸಂಪಾದಕರು ಬರೆಯುವ ಸಾರಾಂಶ) ಮಾತ್ರ ಮುಟ್ಟಬೇಡಿ, ಅದು ಪ್ರಕಾಶಕರ ಸ್ವತ್ತು. ಪ್ಯಾರಾ ವಿಂಗಡಿಸಿ ಸಂಖ್ಯೆ ಕೊಟ್ಟ ಶ್ರಮಕ್ಕೂ ರಕ್ಷಣೆ ಉಂಟೆಂದು ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಆದ್ದರಿಂದ ಅನುವಾದಕ್ಕೆ ನ್ಯಾಯಾಲಯದ ತಾಣದ ಪಿಡಿಎಫ್ ಅನ್ನೇ ಇಟ್ಟುಕೊಳ್ಳಿ.