ಕೊಡಲಿ ಇತ್ತಲ್ಲ, ಪೈಲಟನ್ನು ಯಾಕೆ ಬಿಡಿಸಲಾಗಲಿಲ್ಲ?

ಪ್ರಶ್ನೆ: ಅಮೆರಿಕದ ನೌಕಾಪಡೆಯ ಪೈಲಟ್ ತರಬೇತಿ ಮುಗಿಸಿದ ಮೊದಲ ಕಪ್ಪು ಮನುಷ್ಯ ಜೆಸ್ಸಿ ಬ್ರೌನ್ ಕೊರಿಯಾ ಯುದ್ಧದಲ್ಲಿ ವಿಮಾನ ಬಿದ್ದ ಮೇಲೂ ಬದುಕಿದ್ದರಂತೆ. ಪಕ್ಕದಲ್ಲಿ ಇಬ್ಬರಿದ್ದರು, ಕೊಡಲಿಯೂ ಇತ್ತು. ಆದರೂ ಯಾಕೆ ಹೊರಗೆ ತೆಗೆಯಲಾಗಲಿಲ್ಲ?
(ಓದುಗರೊಬ್ಬರು, ಬಸವನಗುಡಿ)

ಉತ್ತರ: ವಿಮಾನ ರಿಪೇರಿ ಹ್ಯಾಂಗರಿನಲ್ಲಿ ತಗಡಿನ ಕೆಲಸ ಮಾಡಿ ರಿಟೈರ್ ಆದವನು ನಾನು. ಈ ಪ್ರಶ್ನೆ ನನಗೇ ಬಂದಿದ್ದು ಒಳ್ಳೇದಾಯಿತು.

ಬ್ರೌನ್ ಹಾರಿಸುತ್ತಿದ್ದದ್ದು ಕೋರ್ಸೇರ್ ಅನ್ನುವ ಯುದ್ಧವಿಮಾನ. ಪೈಲಟ್ ಮುಂದೆಯೇ ದೊಡ್ಡ ಪೆಟ್ರೋಲ್ ಟ್ಯಾಂಕ್, ಹತ್ತಿರ ಹತ್ತಿರ 900 ಲೀಟರಿನದು. ಅದರಾಚೆ 18 ಸಿಲಿಂಡರಿನ ಎಂಜಿನ್. 1950ರ ಡಿಸೆಂಬರ್ 4ರಂದು ಉತ್ತರ ಕೊರಿಯಾದ ಚೋಸಿನ್ ಜಲಾಶಯದ ಕಡೆ ಕೆಳಗಿನಿಂದ ಗುಂಡು ತಗುಲಿತು. ಹಿಮ ಮುಚ್ಚಿದ ಗುಡ್ಡದ ಮೇಲೆ ಹೇಗೋ ಇಳಿಸಿದರು. ಬಿದ್ದ ಏಟಿಗೆ ಕಾಕ್‌ಪಿಟ್ ಹತ್ತಿರ ವಿಮಾನ ಮುರಿದು ಬಾಗಿತು. ಕಾಲು ಒಳಗೆ ಸಿಕ್ಕಿಕೊಂಡಿತು. ಮುಂದುಗಡೆ ಹೊಗೆ ಬೇರೆ.

ಜೊತೆಗಿದ್ದ ಥಾಮಸ್ ಹಡ್ನರ್ ಬೇಕೆಂದೇ ಚಕ್ರ ಇಳಿಸದೆ ತಮ್ಮ ವಿಮಾನವನ್ನು ಹೊಟ್ಟೆ ಮೇಲೆ ಜಾರಿಸಿ ಪಕ್ಕದಲ್ಲೇ ಇಳಿದರು. ಒಳ್ಳೇ ವಿಮಾನ ಹಾಳು ಮಾಡಿದರು ಅನ್ನುವವರಿದ್ದಾರೆ. ಅನ್ನಲಿ ಬಿಡಿ. ಆ ಮನುಷ್ಯ ಕೈಯಲ್ಲಿ ಹಿಮ ಬಾಚಿ ಬಾಚಿ ಹೊಗೆಯಾಡುವ ಎಂಜಿನ್‌ಗೆ ತುಂಬಿದರು. ಆಮೇಲೆ ಚಾರ್ಲ್ಸ್ ವಾರ್ಡ್ ಹೆಲಿಕಾಪ್ಟರಿನಲ್ಲಿ ಕೊಡಲಿ ತಂದರು.

ಈಗ ಆ ಕೊಡಲಿ ವಿಷಯ. ಬಾಗಿದ ತಗಡು ತೆಗೆಯಬೇಕಾದರೆ ನಾವು ತಗಡು ಜೋಡಿಸುವ ರಿವೆಟ್ ಮೊಳೆಗಳ ಒಂದೊಂದೇ ತಲೆಗೆ ಡ್ರಿಲ್ ಹಾಕಿ, ಪಂಚ್ ಇಟ್ಟು ಹೊಡೆದು ಬಿಡಿಸುತ್ತಿದ್ದೆವು. ಲೈಟು, ಕಂಪ್ರೆಸರ್ ಎಲ್ಲ ಇದ್ದೂ ಅರ್ಧ ದಿನ ಹಿಡಿಯುತ್ತಿತ್ತು. ಕೋರ್ಸೇರ್ ಇನ್ನೂ ಕಷ್ಟ. ದಪ್ಪ ತಗಡು, ಮೇಲೆ ಜಾಸ್ತಿ ಕಡೆ ಸ್ಪಾಟ್ ವೆಲ್ಡಿಂಗ್, ಅಂದರೆ ರಿವೆಟ್ ಇಲ್ಲದೆ ಚುಕ್ಕೆ ಚುಕ್ಕೆಯಾಗಿ ಬೆಸೆದದ್ದು. ಕೊಡಲಿ ಹಾಕಿದರೆ ಪುಟಿಯುತ್ತೆ, ಹೆಚ್ಚೆಂದರೆ ತಗ್ಗು ಬೀಳುತ್ತೆ. ಹಿಮದಲ್ಲಿ ಕಾಲು ಜಾರುವಾಗ ಬೀಸುವುದಾದರೂ ಹೇಗೆ? ಅಷ್ಟರಲ್ಲಿ ಕತ್ತಲಾಯಿತು. ಆ ಹೆಲಿಕಾಪ್ಟರ್ ಕತ್ತಲಲ್ಲಿ ಹಾರುವಂಥದ್ದಲ್ಲ. ಬ್ರೌನ್ ಅಲ್ಲೇ ತೀರಿಕೊಂಡರು, 24ನೇ ವಯಸ್ಸಿಗೆ. ಹಡ್ನರ್‌ಗೆ ಮುಂದಿನ ವರ್ಷ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೊಟ್ಟರು.

ಸುಮ್ನೆ ನನ್ನ ಮಾತು ನಂಬಬೇಡಿ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ನಮ್ಮ ಮಾರುತ್ ಯುದ್ಧವಿಮಾನ ನಿಂತಿದೆ. ಅದು ಬೇರೆ ಕಾಲದ ಜೆಟ್, ಇರಲಿ. ಕಾಕ್‌ಪಿಟ್ ಪಕ್ಕ ನಿಂತು ತಗಡು ನೋಡಿ, ಕೊಡಲಿ ಎಲ್ಲಿ ಹಾಕುತ್ತೀರಿ ಅಂತ ನೀವೇ ನನಗೆ ಬರೆಯಿರಿ.